ಮುಂದಿನ ಗಾಲಿ ಕಲ್ಯಾಣಕ್ಕೆ, ಹಿಂದಿನ ಗಾಲಿ ಠಾಣೆಗೆ

ಕಳೆದ ಭಾನುವಾರ ಬೆಳಿಗ್ಗೆ, ಡೊಂಬಿವಲಿಯ ನಮ್ಮ ಸೊಸೈಟಿ ಕಂಪೌಂಡಿನಲ್ಲಿ, ನನ್ನ ಜೀಪಿನ ಹಿಂದಿನ ಎರಡು ಗಾಲಿಗಳು ಠಾಣೆಯ ಕಡೆಗೂ ಮುಂದಿನ ಎರಡು ಗಾಲಿಗಳು ಕಲ್ಯಾಣದ ಕಡೆಗೂ ಹೊರಟವು. ಒಂದೇ ಸಲ. ನಾನು ಮಾತ್ರ ಸ್ಟೇರಿಂಗ್ ಹಿಡಿದುಕೊಂಡು ಡೊಂಬಿವಲಿಯಲ್ಲೇ ಕುಳಿತಿದ್ದೆ.

ನಗಬೇಡಿ. ನಗುವವರು ಅಲ್ಲೇ ಸಾಕಷ್ಟು ಜನ ಇದ್ದರು.

ವಿಷಯ ಏನೆಂದರೆ, ನನ್ನ ಬಳಿ ಒಂದು ಹಳೆಯ ಜೀಪ್ ಇದೆ. ನಾಲ್ಕೂ ಗಾಲಿ ಎಳೆಯುವ ಜಾತಿ, ಫೋರ್ ವೀಲ್ ಡ್ರೈವ್. ಎಂಜಿನ್ ಸತ್ತು ಮೂರು ಮಳೆಗಾಲ ಕಳೆದಿದ್ದವು. ಕಂಪೌಂಡಿನ ಮೂಲೆಯಲ್ಲಿ ಬಾದಾಮಿ ಮರದ ಕೆಳಗೆ ಕೆಸರು ಹಿಡಿದು ಕೂತಿತ್ತು. ಒಂದು ಬೆಕ್ಕು ಅದರೊಳಗೆ ಎರಡು ಬಾಣಂತನ ಮುಗಿಸಿತ್ತು. ಮಾರಿಬಿಡಬಹುದಿತ್ತಲ್ಲ ಅಂತೀರಾ? ಮಗಳನ್ನು ಆಸ್ಪತ್ರೆಯಿಂದ ಮನೆಗೆ ತಂದದ್ದು ಇದರಲ್ಲಿ. ಮಳೆಗಾಲದಲ್ಲಿ ಮಾಳಶೇಜ್ ಘಾಟ್ ಹತ್ತಿದ್ದು ಇದರಲ್ಲಿ. ಪ್ರೀತಿ ಸ್ವಾಮಿ, ಪ್ರೀತಿ! ಅದಕ್ಕೆ ಮದ್ದಿಲ್ಲ.

ಸೊಸೈಟಿಯ ಬೈಲಾದಲ್ಲಿ ಪ್ರೀತಿಗೆ ಜಾಗವಿಲ್ಲ. ಸೆಕ್ರೆಟರಿ ಜೋಶಿ ಕಾಕಾ ನೋಟಿಸ್ ಕಳಿಸಿದರು. ಭಾನುವಾರ ಹನ್ನೊಂದು ಗಂಟೆಗೆ ಜನರಲ್ ಬಾಡಿ ಮೀಟಿಂಗ್. ಅಷ್ಟರೊಳಗೆ ಜೀಪ್ ತಾನಾಗಿಯೇ ಓಡಿ ಗೇಟು ದಾಟಿ ಹೋಗಿ ವಾಪಸು ಬರಬೇಕು. ಇಲ್ಲದಿದ್ದರೆ ಭಂಗಾರ್‌ವಾಲಾನಿಗೆ ಫೋನ್ (ಗುಜರಿಯವನಿಗೆ ಇಲ್ಲಿ ಆ ಹೆಸರು). ನನ್ನ ಹೆಂಡತಿ ಸುಮತಿ ಆ ನೋಟಿಸನ್ನು ಫ್ರಿಜ್ಜಿಗೆ ಅಂಟಿಸಿ, "ಅವನು ಬಂದ್ರೆ ಚಾ ನಾನೇ ಮಾಡಿ ಕೊಡ್ತೇನೆ" ಅಂದಳು.

ನೋಟಿಸ್ ಬರುವ ಮೊದಲೇ ನಾನು ಕೆಲಸಕ್ಕೆ ಇಳಿದಿದ್ದೆ. ಜೊತೆಗಿದ್ದವರು ಮೆಕ್ಯಾನಿಕ್ ಬಸಣ್ಣ. ಗದಗಿನ ಕಡೆಯವರು, ಕಲ್ಯಾಣದಲ್ಲಿ ಸಣ್ಣ ಗ್ಯಾರೇಜು. ಭಾನುವಾರ ರಜೆಯ ದಿನ ಬಂದು ಬಾದಾಮಿ ಮರದ ಕೆಳಗೇ ರಿಪೇರಿ ಮಾಡುತ್ತಿದ್ದರು. ಉಲ್ಹಾಸನಗರದಲ್ಲಿ ಬಿಚ್ಚಿ ಹಾಕಿದ್ದ ಒಂದು ಡೀಸೆಲ್ ವ್ಯಾನಿನ ಎಂಜಿನ್ನು, ಗೇರ್‌ಬಾಕ್ಸು ತಂದೆವು. ಇನ್ಯಾವುದೋ ಗಾಡಿಯ ಟ್ರಾನ್ಸ್‌ಫರ್ ಕೇಸ್ ತಂದೆವು.

ಟ್ರಾನ್ಸ್‌ಫರ್ ಕೇಸ್ ಅಂದರೆ ಗೊತ್ತಲ್ಲ? (ಗೊತ್ತಿಲ್ಲದಿದ್ದರೆ ನಾಚಿಕೆ ಬೇಡ, ಆರು ತಿಂಗಳ ಹಿಂದೆ ನನಗೂ ಗೊತ್ತಿರಲಿಲ್ಲ.) ಗೇರ್‌ಬಾಕ್ಸಿನ ಬೆನ್ನಿಗೆ ಕೂರುವ ಇನ್ನೊಂದು ಪೆಟ್ಟಿಗೆ. ಎಂಜಿನ್ನಿನ ಶಕ್ತಿಯನ್ನು ಮುಂದಿನ ಗಾಲಿಗಳಿಗಿಷ್ಟು, ಹಿಂದಿನ ಗಾಲಿಗಳಿಗಿಷ್ಟು ಅಂತ ಹಂಚುವುದು ಅದರ ಕೆಲಸ. ಪಂಕ್ತಿಯಲ್ಲಿ ಬಡಿಸುವವನಿದ್ದ ಹಾಗೆ.

ವ್ಯಾನಿನ ಗೇರ್‌ಬಾಕ್ಸಿಗೂ ಈ ಪೆಟ್ಟಿಗೆಗೂ ಜಾತಕ ಕೂಡಲಿಲ್ಲ. ಬಿಡುತ್ತೇವೆಯೇ? ಎಂಐಡಿಸಿ ಕೈಗಾರಿಕಾ ಪ್ರದೇಶದ ಒಂದು ಲೇತ್ ಶಾಪಿನಲ್ಲಿ ನಡುವೆ ಕೂರಿಸಲು ದಪ್ಪ ಪ್ಲೇಟ್ ಕೊರೆಸಿದೆವು. ಶಾಫ್ಟ್ ಕತ್ತರಿಸಿ ಹೊಸ ಹಲ್ಲು ಮಾಡಿಸಿದೆವು. ಅಂತೂ ಮದುವೆ ಆಯಿತು.

ಆಮೇಲೆ ಬಂತು ನೋಡಿ ಗ್ರಹಚಾರ. ಹೊಸ ಪೆಟ್ಟಿಗೆಯಿಂದ ಮುಂದಿನ ಗಾಲಿಗೆ ಹೋಗುವ ಶಾಫ್ಟ್ ಹೊರಡುವುದು ಎಡಗಡೆಯಿಂದ. ನನ್ನ ಜೀಪಿನ ಮುಂದಿನ ಆಕ್ಸಲ್‌ನಲ್ಲಿ ಅದನ್ನು ಸಿಕ್ಕಿಸುವ ಗುಂಡು ಹೊಟ್ಟೆ ಇರುವುದು ಬಲಗಡೆಗೆ.

"ಬ್ಯಾರೇ ಆಕ್ಸಲ್ ಹುಡುಕೂಣ್ರಿ ಸರ" ಎಂದರು ಬಸಣ್ಣ.

ಬೇರೆ ಆಕ್ಸಲ್ ಅಂದರೆ ಮತ್ತೆ ಖರ್ಚು, ಮತ್ತೆ ಎರಡು ಭಾನುವಾರ. ನಾನು ಆಕ್ಸಲನ್ನು ನೋಡಿದೆ. ತಲೆ ವಾಲಿಸಿ ಇನ್ನೊಮ್ಮೆ ನೋಡಿದೆ. ಹೊಳೆಯಿತು! "ಬಸಣ್ಣ, ಇದನ್ನೇ ಬುಡಮೇಲು ಮಾಡಿ ಹಾಕಿದರೆ ಹೊಟ್ಟೆ ಎಡಗಡೆಗೆ ಬರ್ತದಲ್ಲ?"

"ಬರತೈತ್ರಿ. ಆದ್ರ ಸರೀ ತಿರುಗತೈತೇನ್ರೀ?"

"ಗಾಲಿ ಗುಂಡಗೆ ಉಂಟು ಮಾರಾಯ್ರೆ! ಅದಕ್ಕೆ ಮೇಲೆ ಎಂತ, ಕೆಳಗೆ ಎಂತ?"

ಬಸಣ್ಣ ತಲೆ ಕೆರೆದುಕೊಂಡರು. ಪೇಪರಿನಲ್ಲಿ ಬರೆಯುವವರು, ಓದಿಕೊಂಡವರು, ಹೇಳುತ್ತಿದ್ದಾರೆ ಅಂದಮೇಲೆ ಇರಬಹುದು ಅಂದುಕೊಂಡಿರಬೇಕು. ಬುಡಮೇಲು ಮಾಡಿ ಹಾಕಿದರು.

ಭಾನುವಾರ ಬಂತು. ಹತ್ತೂ ಇಪ್ಪತ್ತಕ್ಕೆ ಮುಹೂರ್ತ. ಸುಮತಿಗೆ ಜೀಪ್ ಕಂಡರೆ ಆಗದಿರಬಹುದು, ಆದರೆ ಪೂಜೆಯಿಲ್ಲದೆ ಗಾಡಿ ಹೊರಡಿಸುವುದು ಅವಳಿಂದ ಸಾಧ್ಯವಿಲ್ಲ. ಕುಂಕುಮ ಹಚ್ಚಿ, ಕಾಯಿ ಒಡೆದು, ನಾಲ್ಕು ಗಾಲಿಗಳ ಕೆಳಗೆ ನಾಲ್ಕು ನಿಂಬೆಹಣ್ಣು ಇಟ್ಟಳು. ಮೀಟಿಂಗಿಗೆ ಬಂದವರೆಲ್ಲ ತಮಾಷೆ ನೋಡಲು ಸುತ್ತ ನಿಂತರು. ಎದುರಿಗೇ ಜೋಶಿ ಕಾಕಾ, ಇಸ್ತ್ರಿ ಮಾಡಿದ ಬಿಳಿ ಪೈಜಾಮದಲ್ಲಿ.

"ಒಂದ್ಸಲ ಜ್ಯಾಕ್ ಮ್ಯಾಲ ಏರಿಸಿ ಗಾಲಿ ತಿರುಗಿಸಿ ನೋಡೂಣ್ರಿ" ಎಂದರು ಬಸಣ್ಣ.

"ಮುಹೂರ್ತ ಮೀರ್ತದೆ."

"ಹಂಗಾರ ಮದ್ಲ ಎರಡ ಗಾಲೀ ಮ್ಯಾಲ ಹೊಡೀರಿ."

ಕೇಳಿದೆನೇ? ನಾಲ್ಕು ಗಾಲಿಗಾಗಿಯೇ ಇಷ್ಟೆಲ್ಲ ಒದ್ದಾಡಿ, ಊರೇ ನೋಡುತ್ತಿರುವಾಗ ಎರಡರಲ್ಲಿ ಹೋಗುವುದೇ? ಫೋರ್ ವೀಲಿನ ಲಿವರ್ ಎಳೆದೆ. ಕ್ಲಚ್ ಬಿಟ್ಟೆ.

ಜೀಪ್ ಗರ್ಜಿಸಿತು. ಗಡಗಡ ನಡುಗಿತು. ನಾಲ್ಕೂ ಕಡೆ ಕೆಸರು ಹಾರಿತು. ಒಂದಿಂಚೂ ಕದಲಲಿಲ್ಲ. ಮುಂದಿನ ಗಾಲಿಯ ಕೆಳಗಿದ್ದ ಒಂದು ನಿಂಬೆಹಣ್ಣು ಚಿಮ್ಮಿಕೊಂಡು ಹೋಗಿ ಜೋಶಿ ಕಾಕಾರ ಮೊಣಕಾಲಿಗೆ ಬಡಿಯಿತು. ಎಂಜಿನ್ ಬಂದ್.

"ಅಣ್ಣಾ, ಗಾಡಿ ಚಾಲ್ತೇ ಕೀ ನಾಚ್ತೇ?" ಎಂದರು ಕಾಕಾ. ಓಡುತ್ತದೋ ಕುಣಿಯುತ್ತದೋ ಅಂತ. ಕಂಪೌಂಡು ನಕ್ಕಿತು. ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ಗಂಡಸರೆಲ್ಲ ಬಾನೆಟ್ಟಿನೊಳಗೆ ತಲೆ ಹಾಕಿದರು. ಡೀಸೆಲ್ ಫಿಲ್ಟರ್ ಅಂದರು ಒಬ್ಬರು. ಕ್ಲಚ್ ಪ್ಲೇಟ್ ಅಂದರು ಇನ್ನೊಬ್ಬರು. ಮೂರನೆಯವರು ವಾಸ್ತು ಅಂದರು. ಸುಮತಿ ಮಾತ್ರ ಸೀರೆ ಎತ್ತಿ ಸಿಕ್ಕಿಸಿಕೊಂಡು ಕೆಸರಿನ ಪಕ್ಕ ಕುಕ್ಕರುಗಾಲಲ್ಲಿ ಕೂತು ನೆಲ ನೋಡುತ್ತಿದ್ದಳು.

"ಹಿಂದಿನ ಲಿಂಬೆ ಹಿಂದೆ ಹೋಗಿದೆ, ಸರಿ. ಮುಂದಿಂದು ಎಂತಕ್ಕೆ ಮುಂದೆ ಹಾರಿತು?"

ತಲೆಗಳೆಲ್ಲ ಬಾನೆಟ್ಟಿನಿಂದ ಹೊರಬಂದವು. ಮುಂದಕ್ಕೆ ಹೋಗುವ ಗಾಲಿ ಕಾಲಡಿಯದ್ದನ್ನು ಹಿಂದಕ್ಕೆ ಎಸೆಯಬೇಕು. ಮುಂದಕ್ಕೆ ಎಸೆದಿದೆ ಅಂದರೆ? ಬಸಣ್ಣ ಹಣೆ ಬಡಿದುಕೊಂಡರು. "ಮ್ಯಾಲಿಂದು ಕೆಳಗ ಮಾಡಿದ್ರ ಮುಂದಿಂದು ಹಿಂದ ಆಗತೈತ್ರಿ ಸರ! ಆಕ್ಸಲ್ ಬುಡಮೇಲ ಹಾಕೇವಲ್ರಿ!"

ಹತ್ತೂ ನಲವತ್ತು. ಜೋಶಿ ಕಾಕಾ ಮೊಣಕಾಲು ಉಜ್ಜಿಕೊಳ್ಳುತ್ತ ಇನ್ನೊಂದು ಕೈಯಲ್ಲಿ ಫೋನ್ ತೆಗೆದರು. ಫೋರ್ ವೀಲಿನ ಲಿವರನ್ನು ವಾಪಸು ತಳ್ಳಿ ನೋಡಿದೆ, ಬಿಗಿದುಕೊಂಡು ಕೂತಿತ್ತು. ಬಸಣ್ಣ ಹಬ್ಬಕ್ಕೆಂದು ಹೊಲಿಸಿದ್ದ ಶರ್ಟಿನಲ್ಲೇ ಕೆಸರಿನಲ್ಲಿ ಅಂಗಾತ ಮಲಗಿ ಜೀಪಿನ ಅಡಿಗೆ ಜಾರಿದರು. ಮುಂದಿನ ಶಾಫ್ಟಿನ ಬೋಲ್ಟುಗಳನ್ನು ಬಿಚ್ಚಿ ಶಾಫ್ಟನ್ನೇ ಹೊರಗೆಳೆದು ಹಾಕಿದರು. "ಈಗ ಎರಡ ಗಾಲೀ ಮ್ಯಾಲ ನಡೀರಿ!"

ನಕ್ಕವರೇ ಹಿಂದಿನಿಂದ ತಳ್ಳಿದರು. ಜೀಪ್ ಕೆಸರು ಬಿಟ್ಟು ಎದ್ದಿತು. ಗೇಟು ದಾಟಿತು, ವಡಾಪಾವ್ ಅಂಗಡಿಯವರೆಗೆ ಹೋಯಿತು, ವಾಪಸು ಬಂತು. ಹನ್ನೊಂದಕ್ಕೆ ಐದು ನಿಮಿಷ ಇತ್ತು. ಚಪ್ಪಾಳೆ ಬಿತ್ತು. ಕಾಕಾ ಫೋನ್ ಜೇಬಿಗಿಟ್ಟರು. ನನ್ನ ಕಣ್ಣಲ್ಲಿ ನೀರು ಬಂದದ್ದು ಹೊಗೆಗೆ ಅಂತ ಹೇಳಿದೆ.

ಕತೆ ಇಲ್ಲಿಗೇ ಮುಗಿದಿದ್ದರೆ ಚೆನ್ನಾಗಿತ್ತು.

"ಅದನ್ನು ಬುಡಮೇಲು ಹಾಕ್ಲಿಕ್ಕೆ ಹೇಳಿದ್ದು ಯಾರು?" ಸುಮತಿ ಕೇಳಿದಳು.

ನಾನು ಬಾಯಿ ತೆರೆದೆ. ಬಸಣ್ಣ ನನ್ನ ಮುಖ ನೋಡಿದರು, ಸುತ್ತ ನಿಂತವರನ್ನು ನೋಡಿದರು. "ನಂದ ತಪ್ಪರೀ ಅಕ್ಕಾರ. ನಾ ವಿಚಾರ ಮಾಡಬೇಕಿತ್ತು" ಅಂದರು.

ವಾರವಾರ ಈ ಜಾಗದಲ್ಲಿ ಕೂತು, ಬಿಲ್ಡರ್ ತಪ್ಪು ಒಪ್ಪುವುದಿಲ್ಲ, ರಿಕ್ಷಾದವನು ತಪ್ಪು ಒಪ್ಪುವುದಿಲ್ಲ ಅಂತ ಬರೆಯುವ ನಾನು ಆಗ ಏನಂದೆ ಗೊತ್ತೇ? "ಹೋಗ್ಲಿ ಬಿಡು ಸುಮತಿ, ಮನುಷ್ಯ ಅಂದ ಮೇಲೆ ತಪ್ಪು ಆಗ್ತದೆ" ಅಂದೆ. ಕ್ಷಮಿಸಿಬಿಟ್ಟೆ ನೋಡಿ, ದೊಡ್ಡ ಮನುಷ್ಯ!

ಸುಮತಿ ತೀರ್ಪು ಕೊಟ್ಟಳು. "ಜೀಪ್ ಇರ್ಲಿ. ಆದ್ರೆ ಈ ಬಸಣ್ಣ ಇನ್ನು ಅದನ್ನು ಮುಟ್ಟುವುದು ಬೇಡ." ಬಸಣ್ಣ ಕೇಳಿಸಿಕೊಂಡರು. ಪಾನಾ, ಸ್ಪ್ಯಾನರುಗಳನ್ನು ಒರೆಸಿ ಚೀಲಕ್ಕೆ ಹಾಕಿದರು. ಚಹಾಕ್ಕೂ ನಿಲ್ಲಲಿಲ್ಲ.

ನಾಚಿಕೆಯಾಗುತ್ತಿದೆ. ಮರುದಿನ ಫೋನ್ ಮಾಡಿದೆ. "ಇರ್ಲಿ ಬಿಡ್ರಿ ಸರ, ನಿಮ್ಮ ಮನೀ ಶಾಂತಿ ದೊಡ್ಡದು" ಅಂದರು. ಬೈದಿದ್ದರೆ ವಾಸಿಯಿತ್ತು. ಆದ್ದರಿಂದ ಎಲ್ಲರೆದುರು ಅಚ್ಚಿನಲ್ಲಿ ಹೇಳುತ್ತಿದ್ದೇನೆ. ತಪ್ಪು ಬಸಣ್ಣನವರದಲ್ಲ. ಪೂರ್ತಿ ನನ್ನದು.

ಮನೆಯಲ್ಲೂ ಹೇಳಿಬಿಡಿ ಅಂತೀರಾ? ಸುಮತಿ ಇಲ್ಲೇ ಹುಟ್ಟಿ ಮರಾಠಿ ಶಾಲೆಯಲ್ಲಿ ಕಲಿತವಳು. ತುಳುವಿನಲ್ಲಿ ಬೈಯುತ್ತಾಳೆ, ಕನ್ನಡದಲ್ಲಿ ಚೌಕಾಶಿ ಮಾಡುತ್ತಾಳೆ, ಆದರೆ ಕನ್ನಡದ ಒಂದಕ್ಷರವನ್ನೂ ಓದಲಾರಳು. ಇಷ್ಟು ವರ್ಷ ಈ ಅಂಕಣ ನಡೆದದ್ದೇ ಆ ಧೈರ್ಯದಲ್ಲಿ.

ನಿಮ್ಮಲ್ಲಿ ಯಾರಾದರೂ ಬಂದು ಇದನ್ನು ಅವಳಿಗೆ ಓದಿ ಹೇಳುತ್ತೀರಾ, ನಾನು ಮನೆಯಲ್ಲಿಲ್ಲದ ಹೊತ್ತು ನೋಡಿ?