ಹಾಟ್ ರಾಡ್ ಮತ್ತು ಸೊಂಡಿಲಿಲ್ಲದ ಆನೆ

ಐವತ್ತೈದು ದಾಟಿದ ಹೆಂಗಸು ಪ್ಲಾಸ್ಟಿಕ್ ಕಾರು ಜೋಡಿಸುತ್ತಾ ಕೂರುತ್ತಾಳೆ ಎಂದು ನಗಬೇಕೆನ್ನುವವರು ಈಗಲೇ ನಕ್ಕು ಮುಗಿಸಿಬಿಡಿ. ನಾನು ಮಾತಿಗೆ ತೊಡಗಿದ ಮೇಲೆ ನಡುವೆ ನಗಬೇಡಿ. ಬೆಳಿಗ್ಗೆ ಕೊರಿಯರ್‌ನವನು ಕೊಟ್ಟುಹೋದ ಪೆಟ್ಟಿಗೆಯ ಮುಚ್ಚಳ ಎತ್ತಿದೆ. ಆ ವಾಸನೆ ಬಂತು: ಹೊಸ ಪ್ಲಾಸ್ಟಿಕ್ಕು, ಒಂದಿಷ್ಟು ಎಣ್ಣೆ, ಒಂದಿಷ್ಟು ರಟ್ಟು. ನಮ್ಮ ಮನೆಯವರು ಪೇಪರಿನ ಹಿಂದಿನಿಂದಲೇ "ಮತ್ತೊಂದು ಬಂತೇನು?" ಎಂದರು. ಬಂತು. ಇನ್ನೂ ಬರುತ್ತವೆ. ಸಕ್ಕರೆ ಕಾಯಿಲೆ ಇಟ್ಟುಕೊಂಡು ಅವರು ಕದ್ದು ಮೈಸೂರು ಪಾಕು ತಿನ್ನುವುದನ್ನು ನಾನೇನು ಊರಿಗೆಲ್ಲ ಡಂಗುರ ಹೊಡೆಸಿಲ್ಲ.

ಪೆಟ್ಟಿಗೆಯೊಳಗೆ ಇರುವುದು ಹಾಟ್ ರಾಡ್. ಹಾಗೆಂದರೇನು ಎಂದು ನೀವು ಕೇಳದಿದ್ದರೂ ಹೇಳುತ್ತೇನೆ. ಅಮೆರಿಕದಲ್ಲಿ ಒಂದು ಕಾಲಕ್ಕೆ ಕೈಯಲ್ಲಿ ಕಾಸಿಲ್ಲದ ಹುಡುಗರು ಗುಜರಿಗೆ ಬಿದ್ದ ಹಳೇ ಕಾರು ತಂದು, ಅದರ ತಾರಸಿಯನ್ನು ಗೇಣುದ್ದ ಕೊಯ್ದು ತಗ್ಗಿಸಿ, ಮಡ್‌ಗಾರ್ಡು ಕಿತ್ತೆಸೆದು, ಬಾನೆಟ್ಟಿನಲ್ಲಿ ಹಿಡಿಸದಂಥ ದೊಡ್ಡ ಎಂಜಿನ್ನನ್ನು ಬಟಾಬಯಲಲ್ಲೇ ಕೂರಿಸಿ ಓಡಿಸುತ್ತಿದ್ದರಂತೆ. ಕಂಪನಿ ಕೊಟ್ಟ ಆಕಾರ ನಮಗೆ ಬೇಡ ಎನ್ನುವ ಹಟಕ್ಕೆ ನಾಲ್ಕು ಚಕ್ರ ಹಚ್ಚಿದರೆ ಹಾಟ್ ರಾಡ್ ಆಯಿತು. ಅಂಥದ್ದರ ಅಂಗೈಯಗಲದ ನಕಲು ಬಿಡಿ ಭಾಗಗಳಾಗಿ ಪೆಟ್ಟಿಗೆಯಲ್ಲಿ ಬರುತ್ತದೆ. ಕತ್ತರಿಸಿ, ಉಜ್ಜಿ, ಅಂಟಿಸಿ, ಬಣ್ಣ ಬಳಿಯುವುದು ನಮ್ಮ ಕೆಲಸ.

ನನಗೆ ಮೊದಲ ಪೆಟ್ಟಿಗೆ ಸಿಕ್ಕಿದ್ದು ದೋಣಿಮಲೈಯ ಕ್ವಾರ್ಟರ್ಸಿನಲ್ಲಿ. ಸಂಡೂರು ಹೊಸಪೇಟೆ ರಸ್ತೆಯಲ್ಲಿ ಅದಿರು ಲಾರಿಗಳ ಸಾಲಿಗೆ ಕೊನೆಯೇ ಇಲ್ಲದ ಕಾಲ ಅದು. ನಮ್ಮವರು ಗಣಿಯ ವರ್ಕ್‌ಶಾಪಿನಲ್ಲಿದ್ದರು, ನಾನು ಮಕ್ಕಳಿಗೆ ಚಿತ್ರ ಕಲಿಸುತ್ತಿದ್ದೆ. ಕ್ರಷರ್ ಕೂರಿಸಲು ಬಂದಿದ್ದ ಪರದೇಶದ ಎಂಜಿನಿಯರೊಬ್ಬರು ನಮ್ಮ ಮನೆಯಲ್ಲಿ ಜೋಳದ ರೊಟ್ಟಿ, ಎಣ್ಣೆಗಾಯಿ ಉಂಡು, ಕಣ್ಣಲ್ಲಿ ಮೂಗಲ್ಲಿ ನೀರು ಸುರಿಸಿ, ಊರಿಗೆ ಹೊರಡುವ ದಿನ ಆ ಪೆಟ್ಟಿಗೆಯನ್ನು ನಮ್ಮವರ ಕೈಗೆ ಕೊಟ್ಟರು. ನಮ್ಮವರು ಅದನ್ನು ಬೀರುವಿನ ಮೇಲಿಟ್ಟು ಮರೆತರು. ನಾನು ಇಳಿಸಿಕೊಂಡೆ. ಅವತ್ತು ಇಳಿಸಿದ್ದನ್ನು ಇವತ್ತಿಗೂ ಮೇಲೆ ಇಟ್ಟಿಲ್ಲ.

ಆ ಕಾರಿನ ಒಂದು ಭಾಗವೂ ಇನ್ನೊಂದಕ್ಕೆ ಸರಿಯಾಗಿ ಕೂರುತ್ತಿರಲಿಲ್ಲ. ಬಾಗಿಲಿಗೂ ಮೈಗೂ ನಡುವೆ ಬೆರಳು ತೂರುವಷ್ಟು ಸಂದು. ಎಲ್ಲ ಅಂಚಿನಲ್ಲೂ ಹಪ್ಪಳದಂತೆ ತೆಳ್ಳಗೆ ಒಸರಿ ನಿಂತ ಪ್ಲಾಸ್ಟಿಕ್. ನನ್ನ ಕೈಯೇ ಸರಿಯಿಲ್ಲ ಎಂದುಕೊಂಡು ಪಾಲಿಶ್ ಪೇಪರಿನಲ್ಲಿ ಉಜ್ಜಿದೆ, ಗೋಡೆಯ ಬಿರುಕಿಗೆ ಮೆತ್ತುವ ಲಪ್ಪವನ್ನು ಸಂದಿಗೆ ತುಂಬಿದೆ, ಮತ್ತೆ ಉಜ್ಜಿದೆ. ಬಿಳಿ ಬಣ್ಣ ಹೊಡೆದು ಒಣಗಲು ಇಟ್ಟರೆ ಗಣಿಯ ಕೆಂಧೂಳು ಕೂತು ಅದು ಗುಲಾಬಿಯಾಯಿತು. ಮುಂದೆ ಬಣ್ಣ ಹೊಡೆದ ಕಾರನ್ನು ಪಾತೇಲಿಯ ಕೆಳಗೆ ಬೋರಲು ಮುಚ್ಚಿಡುವುದನ್ನು ಕಲಿತೆ. ಒಂದು ಸಲ ಅತ್ತೆ ಸಾರಿಗೆಂದು ಪಾತೇಲಿ ಎತ್ತಿ, ಕೆಳಗೆ ಕಾರು ಕಂಡು, ಮತ್ತೆ ಮುಚ್ಚಿ ಬೇರೆ ಪಾತ್ರೆ ತೆಗೆದುಕೊಂಡರು. ನಮ್ಮತ್ತೆಯ ದೊಡ್ಡ ಗುಣ ಅದು.

ಆಮೇಲೊಮ್ಮೆ ಹೊಸಪೇಟೆಯ ಇಂಟರ್ನೆಟ್ ಸೆಂಟರಿನಲ್ಲಿ ಕೂತು ಓದಿದಾಗ ನನ್ನ ಕೈಯ ತಪ್ಪಲ್ಲ ಎಂದು ಗೊತ್ತಾಯಿತು. ನನಗೆ ಸಿಕ್ಕಿದ್ದು ಹಳೇ ಅಚ್ಚಿನ ಮಾಲು. ಎಷ್ಟೋ ದಶಕಗಳ ಹಿಂದೆ ಕೊರೆದ ಉಕ್ಕಿನ ಅಚ್ಚನ್ನು ಉಗ್ರಾಣದಿಂದ ತೆಗೆದು, ಮತ್ತೆ ಪ್ಲಾಸ್ಟಿಕ್ ಹೊಯ್ದು, ಹೊಸ ಚಿತ್ರದ ಪೆಟ್ಟಿಗೆಯಲ್ಲಿ ಇಟ್ಟು ಮಾರುತ್ತಾರೆ. ಅಚ್ಚು ಸವೆದಿರುವುದರಿಂದ ಅಂಚಿನಲ್ಲಿ ಪ್ಲಾಸ್ಟಿಕ್ ಒಸರುತ್ತದೆ. ಇನ್ನೊಂದು ಬಗೆಯದು ಹೊಸ ಅಚ್ಚಿನದು; ನಿಜವಾದ ಕಾರನ್ನು ಅಳೆದು, ಕಂಪ್ಯೂಟರಿನಲ್ಲಿ ಬರೆದು, ಹೊಸದಾಗಿ ಕೊರೆದದ್ದು. ಯಾವುದು ಮೇಲು ಎಂದು ಜಗತ್ತಿನ ಗಂಡಸರು ಹಗಲೂ ರಾತ್ರಿ ಜಗಳಾಡುತ್ತಿದ್ದರು. ಇಷ್ಟು ದೊಡ್ಡ ಜಗಳ ನಡೆಯುತ್ತಿದ್ದರೂ ದೋಣಿಮಲೈಗೆ ಸುದ್ದಿಯೇ ಬಂದಿರಲಿಲ್ಲವಲ್ಲ ಎಂದು ನನಗೆ ಬೇಸರವಾಯಿತು.

ಹೊಸ ಅಚ್ಚಿನದು ನನಗೆ ಸಿಕ್ಕಿದ್ದು ಮೈದುನ ಪಂಪಾಪತಿಯಿಂದ. ಅವನು ಆಗ ಟಿಪ್ಪರ್‌ಗಳನ್ನು ಅದಿರಿಗೆ ಬಿಟ್ಟು ದಿಢೀರನೆ ದೊಡ್ಡವನಾಗಿದ್ದ. ಮನೆಯಲ್ಲಿದ್ದ ಹಳೆಯದನ್ನೆಲ್ಲ ಬದಲಾಯಿಸುವ ಹುರುಪು ಅವನಿಗೆ. ಬ್ಯಾಂಕಾಕಿಗೆ ಹೋಗಿಬಂದವನು ಪೆಟ್ಟಿಗೆಯೊಂದನ್ನು ನನ್ನ ಮೇಜಿನ ಮೇಲೆ ಇಟ್ಟ.

"ಅತ್ತಿಗಿ, ಆ ಹಳೇದನ್ನ ಒಗೀರಿ. ಇದು ಅದೇ ಗಾಡಿ, ಹೊಸಾ ಅಚ್ಚಿಂದು. ಭಾಳ ಮಸ್ತ್ ಐತಿ."

ಮಸ್ತಾಗಿಯೇ ಇತ್ತು, ಸುಳ್ಳು ಹೇಳಲಾರೆ. ಬಾಗಿಲು ಟಕ್ ಎಂದು ಕೂತಿತು. ಎಂಜಿನ್ನಿನ ಒಂದೊಂದು ತಿರುಪೂ ಕಾಣುತ್ತಿತ್ತು. ಉಜ್ಜುವುದಕ್ಕಿಲ್ಲ, ತುಂಬುವುದಕ್ಕಿಲ್ಲ. ಸ್ವಂತ ಅಡುಗೆಮನೆಯಲ್ಲೇ ನೆಂಟರಂತೆ ಕೈಕಟ್ಟಿ ಕೂತಂತಾಯಿತು ನನಗೆ. ಕಾರು ಮುಗಿಯಿತು, ನಾನು ಮಾಡಿದೆ ಎನ್ನಿಸಲಿಲ್ಲ. ಅವತ್ತಿನಿಂದ ನಾನು ಹಳೇ ಅಚ್ಚಿನ ಪಕ್ಷ ಸೇರಿದೆ. ಪಂಪಾಪತಿ ಮನೆಗೆ ಬಂದಾಗಲೆಲ್ಲ ವಾದಕ್ಕೆ ಎಳೆಯುತ್ತಿದ್ದೆ. ಅವನು ಟೀ ಕುಡಿದು "ಜಲ್ದಿ ಹೋಗ್ಬೇಕ್ರಿ" ಎಂದು ಓಡುತ್ತಿದ್ದ.

ಇಲ್ಲಿ ಸಕ್ಕರೆ ಆರತಿಯ ಮಾತು ಬರಬೇಕು. ನಮ್ಮ ಕಡೆ ಗೌರಿ ಹುಣ್ಣಿಮೆಗೆ ಸಕ್ಕರೆ ಪಾಕವನ್ನು ಮರದ ಅಚ್ಚಿಗೆ ಹೊಯ್ದು ಆನೆ, ಕುದುರೆ, ನವಿಲು, ಗೋಪುರ ಮಾಡುತ್ತಾರೆ. ನಿಶ್ಚಯವಾದ ಹುಡುಗಿ ಇದ್ದರೆ, ಗಂಡಿನ ಕಡೆಯವರು ಸೀರೆಯ ಜೊತೆ ಈ ಸಕ್ಕರೆ ಗೊಂಬೆಗಳ ತಟ್ಟೆಯನ್ನು ಅವಳ ಮನೆಗೆ ಒಯ್ಯಬೇಕು. ಓಣಿಯ ಹೆಂಗಸರೆಲ್ಲ ಸೇರಿ ಆ ತಟ್ಟೆಯನ್ನು ನೋಡುತ್ತಾರೆ. ನೋಡುವುದೆಂದರೆ ಬರೀ ನೋಡುವುದಲ್ಲ, ತೂಗುವುದು. ಆ ವರ್ಷ ಪಂಪಾಪತಿಗೆ ಸಂಡೂರಿನ ಹುಡುಗಿ ಗೊತ್ತಾಗಿದ್ದಳು. ಬೀಗರು ನಮಗಿಂತ ದೊಡ್ಡ ಕುಳ.

ಅತ್ತೆಯ ಹತ್ತಿರ ಅವರ ಅತ್ತೆಯ ಕಾಲದ ಸಾಗುವಾನಿ ಅಚ್ಚುಗಳಿದ್ದವು. ಎರಡು ಹೋಳನ್ನು ನೀರಲ್ಲಿ ನೆನೆಸಿ, ಕೂಡಿಸಿ, ದಾರ ಬಿಗಿದು ಪಾಕ ಹೊಯ್ಯುವಂಥವು. ಸವೆದು ಸವೆದು ಆನೆಯ ಸೊಂಡಿಲು ಅಚ್ಚಿನಲ್ಲಿ ಮಾಯವಾಗಿತ್ತು. ಪಂಪಾಪತಿ ಹೊಸಪೇಟೆ ಬಜಾರಿನಿಂದ ಮೊಳದುದ್ದದ ಹೊಸ ಆನೆಗಳನ್ನೇ ತರಿಸುತ್ತೇನೆ ಎಂದ. ನಾನು ಬಿಡುವೆನೇ! ಚಪಾತಿ ಲಟ್ಟಿಸುತ್ತಿದ್ದವಳು ಲಟ್ಟಣಿಗೆ ಹಿಡಿದೇ ಎದ್ದು, ಹಳೇ ಅಚ್ಚಿನ ಹಿರಿಮೆಯ ಮೇಲೆ ಭಾಷಣ ಬಿಗಿದೆ. ಸವೆದ ಅಚ್ಚೆಂದರೆ ಎಷ್ಟೋ ಕೈಗಳು ದುಡಿದ ಅಚ್ಚು, ಅದರ ಕುಂದೇ ಅದರ ಚೆಂದ, ಇತ್ಯಾದಿ. ಅತ್ತೆ ಹೆಮ್ಮೆಪಡುತ್ತಾರೆ ಎಂದುಕೊಂಡಿದ್ದೆ.

"ಸಾಕ್ ಮಾಡವ್ವ," ಎಂದರು ಅತ್ತೆ. "ನಿನಗ ಚೆಂದ ಕಾಣತೈತಿ. ವರ್ಷಾ ವರ್ಷಾ ಸಕ್ಕರಿ ಮೆತ್ತಿ ಸೊಂಡಿಲಾ ಹಚ್ಚೋಳು ನಾನು. ಹಚ್ಚಿದ್ದು ದಾರ್ಯಾಗ ಬೀಳ್ತೈತಿ, ಮಂದಿ ನಗ್ತಾರ."

"ಮತ್ತ ನಾ ಹೇಳಿದ್ದೂ ಅದೇ ಅಲ್ಲೇನು ಯವ್ವ?" ಎಂದು ಪಂಪಾಪತಿ ಗೆಲುವಿನ ಮುಖ ಮಾಡಿದ.

"ನಿಂದೂ ಬ್ಯಾಡ. ಬಜಾರದ್ದು ಯಾರ ಮನಿಗೂ ಹೋಗ್ತೈತಿ. ನಾ ಈ ಮನಿಗೆ ಬಂದಾಗಿಂದ ನಮ್ಮತ್ತಿ ಆನಿ, ನಮ್ಮತ್ತಿ ಕುದ್ರಿ ಹೊಯ್ದು ಹೊಯ್ದು ಕೊಟ್ಟೀನಿ. ನಿನಗ ಏನ್ ಬೇಕಬೇ ಅಂತ ಒಬ್ರೂ ಕೇಳ್ಲಿಲ್ಲ. ಈ ಸಲ ನಂದೊಂದು ಅಚ್ಚು ಮಾಡಸ್ತೀನಿ."

"ಏನ್ ಮಾಡಸ್ತೀರಿ ಅತ್ತಿ?" ಎಂದೆ.

ಅತ್ತೆ ನನ್ನ ಮೇಜಿನ ಕಡೆ ಕೈ ತೋರಿಸಿದರು. "ಆ ಗಾಡಿ. ಪಾತೇಲಿ ಎತ್ತಿದಾಗಿಂದ ಮನಸಿನ್ಯಾಗ ಐತಿ. ಯಾರ ಮಾತೂ ಕೇಳಂಗಿಲ್ಲ ಅನ್ನೋಹಂಗ ನಿಂತೈತಿ ನೋಡು."

ಮನೆಯಲ್ಲಿ ರಂಪವೆಂದರೆ ರಂಪ. ಕಂಪ್ಲಿಯಲ್ಲಿ ಅಕ್ಕಿ ಗಿರಣಿಯವರಿಗೆ ಕೊಟ್ಟಿದ್ದ ದೊಡ್ಡ ನಾದಿನಿ ಗಂಗಕ್ಕ ಸುದ್ದಿ ಕೇಳಿ ಬಸ್ಸು ಹಿಡಿದು ಬಂದರು. "ತಲಿ ಕಡದ ಗಾಡಿ, ಹೊಟ್ಟಿ ಬಗದ ಗಾಡಿ! ಗೌರವ್ವನ ಮುಂದ ಇಟ್ಟು ಹೆಣ್ಣಿನ ಮನಿಗೆ ಒಯ್ತೀಯೇನಬೇ? ಬೀಗರು ಏನಂದಾರು?" ಎಂದು ಹಣೆ ಚಚ್ಚಿಕೊಂಡರು. ಪಂಪಾಪತಿ ಅಳುವುದೊಂದು ಬಾಕಿ. ನಮ್ಮವರು ಎಂದಿನಂತೆ ಪೇಪರಿನ ಹಿಂದೆ ಹೋದರು. ಅತ್ತೆ ಎಲ್ಲರಿಗೂ ಊಟಕ್ಕೆ ಬಡಿಸಿದರು. ಮರುದಿನ ನನ್ನನ್ನು ಕರೆದುಕೊಂಡು ಪಾಪಿನಾಯಕನಹಳ್ಳಿಯ ಮೌನೇಶಾಚಾರಿಯ ಮನೆಗೆ ಹೊರಟರು. ಆಚಾರಿ ಮರದ ಅಚ್ಚು ಕೆತ್ತುವವರು. ನನ್ನ ಚೀಲದಲ್ಲಿ ಎರಡೂ ಕಾರುಗಳಿದ್ದವು, ಹಳೇ ಅಚ್ಚಿನದು ಮತ್ತು ಹೊಸ ಅಚ್ಚಿನದು.

ಆಚಾರಿ ಎರಡನ್ನೂ ತಿರುಗಿಸಿ ನೋಡಿ, "ಸುಟ್ಟ ಗಾಡಿ ಏನ್ರಿ ಇದು?" ಎಂದರು. ಯಾವುದನ್ನು ನೋಡಿ ಕೆತ್ತಬೇಕು ಎಂದು ಕೇಳಿದರು. ಅತ್ತೆ ಕಣ್ಣು ಮುಚ್ಚಿ ಎರಡರ ಮೇಲೂ ಬೆರಳಾಡಿಸಿದರು.

"ಹೊಸಾದು ಬ್ಯಾಡ. ಸಣ್ಣ ಸಣ್ಣ ಸಂದ್ಯಾಗ ಸಕ್ಕರಿ ಹೊಕ್ಕರ ಬಿಡಂಗಿಲ್ಲ, ಮುರೀತೈತಿ. ಈ ಹಳೇದು ದಪ್ಪ ಐತಿ. ಇದನ್ನ ನೋಡಿ ಮಾಡು."

ನಾನು ಒಳಗೊಳಗೇ ಕುಣಿದೆ. ಜಗತ್ತಿನ ಗಂಡಸರೆಲ್ಲ ಬಂದು ನೋಡಲಿ, ನನ್ನ ಪಕ್ಷ ಗೆದ್ದಿತು! ಆದರೆ ತಿರುಗಿ ಬರುವಾಗ ಬಸ್ಸಿನಲ್ಲಿ ಹೊಳೆಯಿತು: ಆಚಾರಿ ಈಗ ಕೆತ್ತುವುದು ಹೊಸ ಅಚ್ಚನ್ನಲ್ಲವೇ? ಹಾಗಾದರೆ ಗೆದ್ದದ್ದು ಯಾರು? ಅತ್ತೆಯನ್ನು ಕೇಳಿದೆ. "ನಿನಗ ಬರೇ ಅದೇ ಚಿಂತಿ," ಎಂದು ಅವರು ಕಿಟಕಿಯ ಆಚೆ ಲಾರಿ ನೋಡುತ್ತಾ ಕೂತರು.

ಅಚ್ಚು ಬಂತು. ಅತ್ತೆ ಅದನ್ನೂ ಹಳೇ ಆನೆಯ ಅಚ್ಚನ್ನೂ ನೀರಲ್ಲಿ ನೆನೆಸಿ, ದಾರ ಬಿಗಿದು, ಪಾಕ ಹೊಯ್ದರು. ಆರಿದ ಮೇಲೆ ದಾರ ಬಿಚ್ಚಿದೆವು. ಹಾಲುಬಿಳುಪಿನ ಹಾಟ್ ರಾಡ್, ತಗ್ಗಿದ ತಾರಸಿ, ಬಯಲಿಗೆ ಬಂದ ಎಂಜಿನ್ನು, ಎಲ್ಲ ಇತ್ತು. ಜೊತೆಗೆ ಕೆಳಗೊಂದು ಪೀಠ, ತಾರಸಿಯ ನೆತ್ತಿಯ ಮೇಲೊಂದು ಕಳಸ! ಜೀವಮಾನವಿಡೀ ಗೋಪುರ ಕೆತ್ತಿದ ಕೈ, ಕಳಸವಿಲ್ಲದೆ ನಿಲ್ಲಿಸಲು ಆಚಾರಿಗೆ ಆಗಿರಲಿಲ್ಲ. ನಾನು ತಲೆಯ ಮೇಲೆ ಕೈ ಹೊತ್ತು ಕೂತೆ. ಯಾವ ದೇಶದ ಹಾಟ್ ರಾಡಿಗೆ ಕಳಸ ಇರುತ್ತದೆ, ನೀವೇ ಹೇಳಿ. ಅತ್ತೆ ಮಾತ್ರ ಅದನ್ನು ಅಂಗೈ ಮೇಲಿಟ್ಟುಕೊಂಡು ಸುತ್ತಲೂ ತಿರುಗಿಸಿ ನೋಡಿದರು. ಅವರ ಮುಖದಲ್ಲಿ ಅಂಥ ಸಂತೋಷವನ್ನು ನಾನು ಅದಕ್ಕೆ ಮುಂಚೆ ಕಂಡಿರಲಿಲ್ಲ.

ಸಂಡೂರಿನ ಬೀಗರ ಪಡಸಾಲೆ ತುಂಬ ಹೆಂಗಸರು. ತಟ್ಟೆಯ ಮೇಲಿನ ಬಟ್ಟೆ ಸರಿಸಿದಾಗ ಎಲ್ಲರೂ ಕತ್ತು ಚಾಚಿದರು. ಆಮೇಲೆ ನಗು ಶುರುವಾಯಿತು. ಹುಡುಗಿಯ ಸೋದರತ್ತೆ, ಮೈತುಂಬ ಬಂಗಾರ ಹೇರಿಕೊಂಡಿದ್ದವರು, ಬಾಯಿಗೆ ಸೆರಗು ಹಿಡಿದು, "ಏನ್ರಿ ಬೀಗ್ತಿ, ಆನಿ ಬಿಟ್ಟು ಮುರಕಾ ಗಾಡಿ ತಂದೀರಿ!" ಎಂದರು. ಗಂಗಕ್ಕ ನೆಲ ನೋಡಿದರು. ಬಾಗಿಲಲ್ಲಿ ನಿಂತಿದ್ದ ಪಂಪಾಪತಿ ಹೊರಗೆ ಹೋಗಿಬಿಟ್ಟ.

ನಮ್ಮತ್ತೆ ತಲೆ ತಗ್ಗಿಸಲಿಲ್ಲ. "ಆನಿ ಐತಲ್ರಿ, ನೋಡ್ರಿ, ಸೊಂಡಿಲಾ ಇಲ್ಲದ್ದು. ಅದು ನಮ್ಮತ್ತಿದು. ಈ ಗಾಡಿ ನಂದು. ನಾ ಮನಸಿಟ್ಟು ಮಾಡಸಿದ್ದು. ನಗ್ರಿ, ಅದಕ್ಕೇನು. ನಕ್ಕೋತ ತಿನ್ರಿ."

ನಗು ಅಲ್ಲಲ್ಲೇ ನಿಂತಿತು. ಮಣೆಯ ಮೇಲೆ ತಲೆ ಬಗ್ಗಿಸಿ ಕೂತಿದ್ದ ಹುಡುಗಿ ಕೈಚಾಚಿ ಆ ಗಾಡಿಯನ್ನೇ ಎತ್ತಿಕೊಂಡಳು. ಕಳಸವನ್ನು ಕಟಕ್ಕನೆ ಕಡಿದು ಬಾಯಿಗೆ ಹಾಕಿಕೊಂಡು ಅತ್ತೆಯನ್ನು ನೋಡಿದಳು.

"ಮುಂದಿನ ವರ್ಷ ನಾ ಹೇಳಿದ್ದೂ ಮಾಡಸ್ತೀರೇನ್ರಿ, ಅತ್ತಿ?"

"ನೀ ಏನ್ ಹೇಳ್ತಿ ಅದನ್ನ," ಎಂದರು ಅತ್ತೆ.

ಮುಂದಿನ ವರ್ಷ ಸೊಸೆಯಾಗಿ ಬಂದವಳು ಕೇಳಿದ್ದು ಬೆಕ್ಕು. ಗಂಗಕ್ಕ ಮತ್ತೆ ಕಂಪ್ಲಿಯಿಂದ ಬಸ್ಸು ಹಿಡಿದರು. ಅದು ಬೇರೆ ಕತೆ.

ಅತ್ತೆ ಹೋಗಿ ವರ್ಷಗಳಾದವು. ಲಾರಿಗಳ ಸಾಲೂ ಕರಗಿತು. ನಾವು ಹೊಸಪೇಟೆಗೆ ಬಂದು ನೆಲೆಸಿದೆವು. ಹಳೇ ಅಚ್ಚು ಮೇಲೋ ಹೊಸ ಅಚ್ಚು ಮೇಲೋ ಎಂಬ ಜಗಳ ಈಗ ನನ್ನ ಫೋನಿನಲ್ಲೇ ನಡೆಯುತ್ತದೆ. ನಾನೂ ನಡುನಡುವೆ ಬೆಂಕಿಗೆ ತುಪ್ಪ ಸುರಿಯುತ್ತೇನೆ. ಬೆಳಿಗ್ಗೆ ಬಂದದ್ದು ಹೊಸ ಅಚ್ಚಿನದು, ಅಪ್ಪಟ, ಕೂದಲೆಳೆಯಷ್ಟೂ ತಪ್ಪಿಲ್ಲದ್ದು. ತಪ್ಪು ಹುಡುಕಿ ಫೋನಿನ ಗಂಡಸರಿಗೆ ಬರೆಯಬೇಕೆಂದೇ ತರಿಸಿದ್ದೆ. ಭಾಗಗಳನ್ನು ಮೇಜಿನ ಮೇಲೆ ಹರವಿಕೊಂಡು ಕೂತಾಗ ಅತ್ತೆಯ ನೆನಪಾಯಿತು, ತುಂಬಾ ಆಯಿತು. ಇಷ್ಟು ವರ್ಷ ನಾನು ಒಂದಾದ ಮೇಲೊಂದು ಕಾರು ಜೋಡಿಸಿದ್ದೇನೆ. ಒಂದನ್ನೂ ಪೆಟ್ಟಿಗೆಯ ಮೇಲಿನ ಚಿತ್ರ ಬಿಟ್ಟು ಬೇರೆ ಮಾಡಿಲ್ಲ. ಯಾರ ಅಚ್ಚು ಮೇಲು ಎಂದು ಹೊಡೆದಾಡಿದವಳು ನನಗೇನು ಬೇಕು ಎಂದು ನನ್ನನ್ನೇ ಕೇಳಿಕೊಂಡಿರಲಿಲ್ಲ.

ನನಗೆ ಬೇಕಾಗಿದ್ದು ಟಿಪ್ಪರ್. ಮುಂದೆ ಬಯಲು ಎಂಜಿನ್ನು, ಹಿಂದೆ ಅದಿರು ಸುರಿಯುವ ತೊಟ್ಟಿ, ಮೈಯೆಲ್ಲ ಸಂಡೂರಿನ ಮಣ್ಣಿನ ಬಣ್ಣ. ಅಂಥ ಹಾಟ್ ರಾಡ್ ಹಳೇ ಅಚ್ಚಿನಲ್ಲೂ ಇಲ್ಲ, ಹೊಸ ಅಚ್ಚಿನಲ್ಲೂ ಇಲ್ಲ. ಪೆನ್ಸಿಲ್ ತೆಗೆದುಕೊಂಡು ಕಾರಿನ ಬೆನ್ನ ಮೇಲೆ ಅಡ್ಡಗೆರೆ ಎಳೆದೆ. ಸಣ್ಣ ಗರಗಸ ಕೈಗೆತ್ತಿಕೊಂಡೆ.

ನಮ್ಮವರು ಪೇಪರ್ ಕೆಳಗಿಟ್ಟು ಎದ್ದು ಬಂದರು. "ಏನಿದು? ಹೊಸಾದನ್ನ ಯಾಕ ಕೊಯ್ಯಾಕತ್ತಿ? ಚೊಲೊ ಐತಲ್ಲ!"

"ಚೊಲೊನ ಐತ್ರಿ," ಎಂದೆ. "ನಂದಲ್ಲ, ಅಷ್ಟ." ಗರಗಸ ಎಳೆದೆ.