ಮುಂದಿನ ಚೆಂಡಿಗೆ ಮುಂಚೆ

ನಮ್ಮಕ್ಕನಿಗೆ ಶಾಲೆಯ ಹುಡುಗಿಯರು ಇಟ್ಟ ಹೆಸರು ಪುಟ ಟೀಚರ್. ಆಟದ ಟೀಚರ್ ಅಂದಮೇಲೆ ಕುತ್ತಿಗೆಯಲ್ಲಿ ಸೀಟಿ ಇರುತ್ತದೆ, ಸರಿ. ಇವಳ ಕಂಕುಳಲ್ಲಿ ಸಾಫ್ಟ್‌ಬಾಲ್ ನಿಯಮಗಳ ಪುಸ್ತಕವೂ ಇರುತ್ತಿತ್ತು. ಯಾರು ಏನೇ ಕೇಳಲಿ, ಪುಟ ತೆರೆದು ಸಾಲಿನ ಮೇಲೆ ಬೆರಳಿಟ್ಟ ಮೇಲೆಯೇ ಉತ್ತರ. ಮನೆಯಲ್ಲಿ ಮಿಕ್ಸಿ ಕೆಟ್ಟರೂ ಅದರ ಜೊತೆ ಬಂದಿದ್ದ ಚೀಟಿಯನ್ನು ಹುಡುಕಿ ಓದುತ್ತ ಕೂರುವ ಪೈಕಿ. "ನನ್ನ ಮೇಲೆ ದೂರು ಹೇಳೋದಿದ್ರೆ ಪುಟದ ನಂಬರ್ ಹೇಳಿ ಶುರು ಮಾಡು" ಎಂದು ಭಾವ ರೇಗಿಸುತ್ತಿದ್ದರು. ಅಕ್ಕ ನಗುತ್ತಿರಲಿಲ್ಲ.

ಅವಳು ಹೀಗಾಗಿದ್ದಕ್ಕೆ ಕಾರಣವಿತ್ತು. ಹದಿನಾರನೇ ವಯಸ್ಸಿನಲ್ಲಿ ಅವಳಷ್ಟು ಚುರುಕಾಗಿ ಎರಡನೇ ಬೇಸ್ ಕಾಯುವವರು ಸುತ್ತಮುತ್ತ ಇರಲಿಲ್ಲ. ಒಂದು ಪಂದ್ಯದಲ್ಲಿ ಅಂಪೈರ್ ಕಣ್ಣೆದುರೇ ತಪ್ಪು ತೀರ್ಪು ಕೊಟ್ಟ. ಇವಳು ಗ್ಲೌಸ್ ಬಿಸಾಕಿ "ಕುರುಡ" ಎಂದಳು. ಆಡಿದ್ದು ಒಂದೇ ಮಾತು, ಒಂದು ವರ್ಷ ಆಡುವಂತಿಲ್ಲವೆಂದು ಹೊರಗೆ ಹಾಕಿದರು. ವರ್ಷ ಮುಗಿಯುವಷ್ಟರಲ್ಲಿ ಅವಳ ಜಾಗಕ್ಕೆ ಬೇರೆಯವಳು ಬಂದಾಗಿತ್ತು. ಅಲ್ಲಿಗೆ ಆಟ ಮುಗಿಯಿತು, ಪುಸ್ತಕ ಶುರುವಾಯಿತು.

ಪ್ರತಿ ಹೊಸ ತಂಡಕ್ಕೂ ಅವಳ ಮೊದಲ ಪಾಠ ಒಂದೇ. "ಅಂಪೈರ್ ತಪ್ಪು ಮಾಡ್ತಾರೆ. ಮಾಡೇ ಮಾಡ್ತಾರೆ, ಅವ್ರೂ ಮನುಷ್ಯರೇ. ನೀವು ಬಾಯಿ ಬಿಡಬಾರದು, ಮುಖ ಊದಿಸ್ಕೋಬಾರದು, ನನ್ನ ಕಡೆ ನೋಡ್ತಾ ನಿಲ್ಲಬಾರದು. ಚೆಂಡು ತಗೊಳ್ಳಿ, ಮುಂದಿನದು ಎಸೀರಿ. ಕೇಳೋದು ನನ್ನ ಕೆಲಸ."

ಬೇರೆ ಶಾಲೆಯವರು ನಮ್ಮದನ್ನು ಬಾಯಿಸತ್ತವರ ತಂಡ ಎಂದು ಮೂಗು ಮುರಿಯುತ್ತಿದ್ದರು. ಅಂಪೈರ್‌ಗಳಿಗೆ ಮಾತ್ರ ನಮ್ಮ ಹುಡುಗಿಯರೆಂದರೆ ಪ್ರಾಣ. ಏಕಿರಬಾರದು?

ಆ ವರ್ಷ ಚೆಂಡು ಎಸೆಯುತ್ತಿದ್ದವಳು ಕಡ್ಡಿ. ಮೈಯಲ್ಲಿ ಮಾಂಸವೇ ಇಲ್ಲದ ಹುಡುಗಿ, ಅದಕ್ಕೇ ಆ ಹೆಸರು. ಆದರೆ ಅವಳ ಕೈಯಿಂದ ಹೊರಟ ಚೆಂಡು ಕಣ್ಣಿಗೆ ಬೀಳುವ ಮೊದಲೇ ಕ್ಯಾಚರ್ ಗ್ಲೌಸಿನಲ್ಲಿ ಸದ್ದು ಮಾಡುತ್ತಿತ್ತು. ಅವಳ ಅಮ್ಮನದು ಶಾಲೆಯ ಗೇಟಿನೆದುರು ಇಸ್ತ್ರಿ ಅಂಗಡಿ. ನಮ್ಮ ಶಾಲೆ ಎಂಟನೇ ತರಗತಿಗೇ ಮುಗಿಯುತ್ತದೆ. ಹೈಸ್ಕೂಲಿಗೆ ಹೋಗಲು ಎರಡು ಬಸ್ ಬದಲಿಸಬೇಕು. ಅಮ್ಮ ಆಗಲೇ ತೀರ್ಮಾನ ಮಾಡಿಯಾಗಿತ್ತು, ಎಂಟು ಮುಗಿದ ದಿನ ಅಂಗಡಿಯಲ್ಲಿ ಮಗಳಿಗೊಂದು ಎರಡನೇ ಮೇಜು. ಉಳಿದ ದಾರಿ ಒಂದೇ, ಕ್ರೀಡಾ ಹಾಸ್ಟೆಲ್. ಅಲ್ಲಿ ಊಟ, ಹಾಸಿಗೆ, ಹೈಸ್ಕೂಲು ಎಲ್ಲವೂ ಇತ್ತು. ಆದರೆ ಹದಿನಾಲ್ಕರೊಳಗಿನವರ ಪಂದ್ಯಾವಳಿ ಗೆದ್ದ ತಂಡದವರನ್ನು ಮಾತ್ರ ಆಯ್ಕೆಗೆ ಕರೆಯುತ್ತಿದ್ದರು.

ಅಕ್ಕ ಅಂಗಡಿಗೆ ಹೋಗಿ ಕೇಳಿದಳು, "ಗೆದ್ರೆ ಕಳಿಸ್ತೀರಾ?"

ಇಸ್ತ್ರಿಯಮ್ಮ ಕಾಲರಿನಿಂದ ಕಣ್ಣು ಎತ್ತಲಿಲ್ಲ. "ಮೊದಲು ಗೆದ್ದು ಬರ್ಲಿ ಟೀಚರ್. ಆಮೇಲೆ ಮಾತು."

ಇಲ್ಲ ಎನ್ನಲಿಲ್ಲವಲ್ಲ, ಅಕ್ಕನಿಗೆ ಅಷ್ಟೇ ಸಾಕಾಯಿತು. ಆ ಸಂಜೆ ಅವಳು ಹಾಡು ಗುನುಗಿದ್ದನ್ನು ನಾನೇ ಕೇಳಿದ್ದೇನೆ.

ಫೈನಲ್ ದಿನ ಅಂಕ ಬರೆಯುವ ಮೇಜಿನಲ್ಲಿ ನಾನಿದ್ದೆ. ಶಾಲೆಯ ಆಫೀಸಿನಲ್ಲಿ ಗುಮಾಸ್ತೆಯಾದ ನನಗೆ ಭಾನುವಾರಗಳಲ್ಲಿ ಇದೊಂದು ಹೆಚ್ಚಿನ ಉದ್ಯೋಗ. ಅಂಕ ಬರೆಯುವವರು ಅಂಪೈರ್ ಕೇಳದ ಹೊರತು ತುಟಿ ಬಿಚ್ಚಬಾರದು, ಅದೂ ಪುಸ್ತಕದಲ್ಲಿದೆ ಎಂದು ಅಕ್ಕ ನನಗೆ ಅರೆದು ಕುಡಿಸಿದ್ದಳು. "ಅಕ್ಕ ತಂಗಿ ಅಂತ ಜನ ಆಡ್ಕೋಬಾರ್ದು ನೋಡು."

ಕೊನೆಯ ಇನ್ನಿಂಗ್ಸ್. ನಾವು ನಾಲ್ಕು, ಅವರು ಮೂರು. ಅವರ ಬ್ಯಾಟಿಂಗ್, ಒಬ್ಬಳು ಔಟ್, ಇನ್ನಿಬ್ಬರು ಔಟಾದರೆ ಗೆಲುವು ನಮ್ಮದು. ಮೊದಲ ಮತ್ತು ಎರಡನೇ ಬೇಸಿನಲ್ಲಿ ಅವರ ಹುಡುಗಿಯರು ನಿಂತಿದ್ದಾರೆ. ಕಡ್ಡಿ ಮೂರನೇ ಸ್ಟ್ರೈಕ್ ಹಾಕಿದಳು, ಮೂರು ಸ್ಟ್ರೈಕಿಗೆ ಒಬ್ಬಳು ಔಟ್. ಬ್ಯಾಟು ಗಾಳಿಯಲ್ಲಿ ತಿರುಗಿತು, ಆದರೆ ಚೆಂಡು ನಮ್ಮ ಕ್ಯಾಚರ್ ಕೈಯಿಂದ ಜಾರಿತು. ಅಷ್ಟಕ್ಕೆ ಆ ಬ್ಯಾಟಿನವಳು ಮೊದಲ ಬೇಸಿನತ್ತ ಓಟ ಕಿತ್ತಳು. ಅಲ್ಲಿದ್ದವಳು ಎರಡಕ್ಕೆ, ಎರಡರಲ್ಲಿದ್ದವಳು ಮೂರಕ್ಕೆ ಓಡಿದರು. ಅಂಪೈರ್ ಎರಡೂ ಕೈ ಅಗಲಿಸಿದ. ಸೇಫ್.

ಕ್ಯಾಚರ್ ಕೈಯಿಂದ ಮೂರನೇ ಸ್ಟ್ರೈಕ್ ಜಾರಿದರೆ ಬ್ಯಾಟಿನವಳು ಓಡಬಹುದು, ನಿಜ. ಆದರೆ ಮೊದಲ ಬೇಸಿನಲ್ಲಿ ಆಗಲೇ ಒಬ್ಬಳಿದ್ದು, ಇಬ್ಬರು ಔಟ್ ಆಗಿರದಿದ್ದರೆ, ಓಡುವಂತಿಲ್ಲ. ಅವಳು ಔಟ್. ಇದು ನಮ್ಮ ಐದನೇ ತರಗತಿಯ ಮಕ್ಕಳಿಗೂ ಬಾಯಿಪಾಠ. ಆ ಅಂಪೈರ್, ವಾರವಿಡೀ ಔಷಧಿ ಅಂಗಡಿಯಲ್ಲಿ ಮಾತ್ರೆ ಎಣಿಸುವ ಒಳ್ಳೆಯ ಮನುಷ್ಯ, ಅರ್ಧ ನಿಯಮ ನೆನಪಿಟ್ಟುಕೊಂಡು ಇನ್ನರ್ಧ ಮರೆತಿದ್ದ.

ಹೀಗೆ ನಿಯಮವನ್ನೇ ತಪ್ಪಿ ತೀರ್ಪು ಕೊಟ್ಟರೆ ಪ್ರಶ್ನಿಸಬಹುದು. ಆದರೆ ಮುಂದಿನ ಚೆಂಡು ಎಸೆಯುವ ಮೊದಲೇ ಪ್ರಶ್ನಿಸಬೇಕು. ಅಕ್ಕ ಸುಮ್ಮನೆ ಕೈ ಎತ್ತಿದ್ದರೆ ಸಾಕಿತ್ತು. ಎತ್ತಲಿಲ್ಲ. ಸಾಲಿನ ಮೇಲೆ ಬೆರಳಿಡದೆ ಮೈದಾನಕ್ಕೆ ಕಾಲಿಟ್ಟವಳೇ ಅಲ್ಲ ಅವಳು. ನಲವತ್ತೊಂದನೇ ಪುಟ ತೆರೆದಳು. ಅಲ್ಲಿರಲಿಲ್ಲ. ಆ ವರ್ಷವಷ್ಟೇ ಹೊಸ ಮುದ್ರಣದ ಪುಸ್ತಕ ಬಂದಿತ್ತು, ಪುಟಗಳೆಲ್ಲ ಹಿಂದೆ ಮುಂದೆ ಆಗಿದ್ದವು. ಅವಳು ತಲೆ ತಗ್ಗಿಸಿ ಹಾಳೆ ಮಗುಚುತ್ತಲೇ ಇದ್ದಳು. ನನಗೋ ಕೂಗಿಬಿಡೋಣವೆನಿಸಿತು. ಕೂಗಲಿಲ್ಲ.

ಕಡ್ಡಿಗೂ ಗೊತ್ತಿತ್ತು. ಅವಳು ಕ್ಯಾಚರ್ ಮುಖ ನೋಡಿದಳು, ಒಂದು ಗಳಿಗೆ ಅಂಪೈರ್ ಮುಖ ನೋಡಿದಳು. ಆತ "ಆಡಮ್ಮ" ಎಂದ. ಅವಳು ಬಾಯಿ ಬಿಡಲಿಲ್ಲ, ಮುಖ ಊದಿಸಲಿಲ್ಲ, ಅಕ್ಕನ ಕಡೆ ನೋಡುತ್ತ ನಿಲ್ಲಲಿಲ್ಲ. ಹೇಳಿಕೊಟ್ಟ ಹಾಗೆ ಚೆಂಡು ತೆಗೆದುಕೊಂಡಳು, ಮುಂದಿನದು ಎಸೆದಳು.

ಹೊಡೆತ ಮೇಲೆ ಹೋಯಿತು. ದೂರದ ಎಡ ಮೂಲೆಯಲ್ಲಿ ನಮ್ಮ ಹುಡುಗಿ ಓಡಿ ಬಂದು ಎರಡೂ ಕೈಯಲ್ಲಿ ಹಿಡಿದಳು. ಅಷ್ಟು ದೂರಕ್ಕೆ ಅಂಪೈರ್ ಕೈ ಅಗಲಿಸಿದ್ದು ಅವಳಿಗೆ ಕಂಡಿರಲಿಲ್ಲ. ಪಾಪದ ಹುಡುಗಿ ಪುಸ್ತಕದ ಲೆಕ್ಕ ಹಾಕಿಕೊಂಡಿದ್ದಳು. ಮೊದಲಿನದು ಒಂದು, ಸ್ಟ್ರೈಕಿನದು ಎರಡು, ಇದು ಮೂರು. ಗೆದ್ದೆವು! ಚೆಂಡನ್ನು ತಲೆಯ ಮೇಲೆತ್ತಿ ಕುಣಿಯುತ್ತ ಒಳಗೆ ಓಡಿ ಬಂದಳು. ಅಂಪೈರ್ ಲೆಕ್ಕದಲ್ಲಿ ಅದು ಎರಡನೇ ಔಟ್ ಅಷ್ಟೇ, ಆಟ ಇನ್ನೂ ನಡೆಯುತ್ತಿತ್ತು. "ಎಸಿಯೇ, ಎಸಿಯೇ" ಎಂದು ಎಲ್ಲರೂ ಕಿರುಚಿದ್ದು ಅವಳಿಗೆ ಹರ್ಷೋದ್ಗಾರದಂತೆ ಕೇಳಿಸಿತೇನೋ. ಅವಳು ಕುಣಿಯುತ್ತಿರುವಾಗಲೇ ಅವರ ಇಬ್ಬರು ಹುಡುಗಿಯರು ಒಬ್ಬರ ಹಿಂದೊಬ್ಬರು ಹೋಮ್ ಮುಟ್ಟಿ ಎರಡು ಅಂಕ ಗಳಿಸಿದರು. ಐದು, ನಾಲ್ಕು. ನಾನೇ ಬರೆದೆ.

ಅಕ್ಕನಿಗೆ ಆಗ ಪುಟ ಸಿಕ್ಕಿತು. ಐವತ್ತಾರು.

ಔಷಧಿ ಅಂಗಡಿಯವನು ಅವಳ ಬೆರಳ ಕೆಳಗಿನ ಸಾಲನ್ನು ಎರಡು ಸಲ ಓದಿದ. ಅವನ ಕಿವಿ ಕೆಂಪಾಯಿತು. "ನಂದೇ ತಪ್ಪು ಟೀಚರ್. ನಿಮ್ಮ ಹುಡುಗೀರೇ ಗೆದ್ದಿದ್ದು." ಸಂಘಟಕರ ಹತ್ತಿರ ತಾನೇ ಬಂದು ಅದನ್ನೇ ಹೇಳಿದ. ಸಂಘಟಕರು ಅದೇ ಪುಸ್ತಕ ಈಸಿಕೊಂಡು ಬೇರೊಂದು ಪುಟ ತೆರೆದರು. ಮುಂದಿನ ಚೆಂಡು ಎಸೆದಾದ ಮೇಲೆ ಪ್ರಶ್ನೆಯಿಲ್ಲ. "ನೀವೇ ಬಲ್ಲವರು ಟೀಚರ್, ನಿಮಗೆ ನಾವೇನು ಹೇಳೋದು?" ಅಕ್ಕ ತಲೆಯಾಡಿಸಿದಳು. ನನಗೆ ಬಂದ ಸಿಟ್ಟಿಗೆ ಆ ಪುಸ್ತಕವನ್ನು ಚೂರು ಚೂರು ಮಾಡಿ ಗಾಳಿಗೆ ತೂರಬೇಕೆನಿಸಿತ್ತು. ಅಂಪೈರ್ ಹಾಸ್ಟೆಲಿಗೂ ಪತ್ರ ಬರೆದ. ಗೆದ್ದ ತಂಡದವರಿಗೆ ಮಾತ್ರ ಅವಕಾಶ ಎಂದು ಒಂದು ಸಾಲಿನ ಉತ್ತರ ಬಂತು.

"ಕೂಗಬಾರದಿತ್ತೇನೇ ಅಕ್ಕ?" ಎಂದು ಅವಳ ಮೇಲೆ ಹರಿಹಾಯ್ದೆ. "ನೀನು?" ಎಂದಳು ಅವಳು. ಆಮೇಲೆ ನಾವಿಬ್ಬರೂ ಆ ವಿಷಯ ಎತ್ತಿಲ್ಲ.

ಇದೀಗ ಎರಡು ವರ್ಷವಾಯಿತು. ಅಂಗಡಿಯಲ್ಲಿ ಎರಡನೇ ಮೇಜು ಬಂದಿದೆ. ಮನೆಯಲ್ಲಿ ಇಸ್ತ್ರಿಪೆಟ್ಟಿಗೆ ಇದ್ದರೂ ಅಕ್ಕ ವಾರಕ್ಕೊಮ್ಮೆ ಚೀಲ ತುಂಬಿಕೊಂಡು ಅಲ್ಲಿಗೆ ಹೋಗುತ್ತಾಳೆ. ಅದರಲ್ಲಿ ಅರ್ಧ ಬಟ್ಟೆಗೆ ಸುಕ್ಕೇ ಇರುವುದಿಲ್ಲ. ಹೋದ ಶನಿವಾರ ನಾನೂ ಜೊತೆಗಿದ್ದೆ. ಕಡ್ಡಿ ಎತ್ತರವಾಗಿದ್ದಾಳೆ, ಬಲಗೈ ಗಟ್ಟಿಯಾಗಿದೆ. ನಮಗಿಂತ ಮೊದಲೇ ಬಂದಿದ್ದ ಒಬ್ಬ ಗಿರಾಕಿ ಬಿಳಿ ಅಂಗಿ ಕೊಡವಿ ಮೇಜಿನ ಮೇಲೆ ಹಾಕಿದ. ತೋಳಿನ ತುದಿಯಲ್ಲಿ ಆಗಲೇ ಸುಟ್ಟ ಕಂದು ಗುರುತಿತ್ತು. ನಾನು ನೋಡಿದೆ, ಅಕ್ಕನೂ ನೋಡಿದಳು. ಕಡ್ಡಿ ಬೆರಳಿನಿಂದ ಮುಟ್ಟಿಯೂ ನೋಡಿದಳು. ಇಸ್ತ್ರಿ ಮಾಡಿ ಕೊಟ್ಟ ಮೇಲೆ ಆತ ಅಂಗಿ ಬಿಡಿಸಿ ಗುರುತು ಕಂಡು ಹಾರಾಡಿದ. "ಸುಟ್ಟಿಟ್ಟಿದ್ದೀಯಲ್ಲ! ಕಣ್ಣು ಎಲ್ಲಿಟ್ಟಿರ್ತೀಯಾ?"

ಕಡ್ಡಿ ಏನೂ ಹೇಳಲಿಲ್ಲ. ಮುಖ ಊದಿಸಲಿಲ್ಲ. ನಮ್ಮ ಕಡೆ ನೋಡಲೂ ಇಲ್ಲ. ಅಕ್ಕನ ಕೈ ಕಂಕುಳಲ್ಲಿದ್ದ ಪುಸ್ತಕಕ್ಕೆ ಹೋಯಿತು, ಅದರಲ್ಲಿ ಇದಕ್ಕೆಲ್ಲಿ ಪುಟ? ಅಷ್ಟರಲ್ಲಿ ಆತ ಗೊಣಗುತ್ತ ರಸ್ತೆ ದಾಟಿ ಹೋಗಿಯಾಗಿತ್ತು.

"ಅದು ಮೊದಲೇ ಸುಟ್ಟಿತ್ತಲ್ಲೇ," ಎಂದಳು ಅಕ್ಕ. "ಹೇಳ್ಬಾರ್ದಿತ್ತಾ?"

ಕಡ್ಡಿ ನಿಜವಾಗಿಯೂ ಅರ್ಥವಾಗದವಳ ಹಾಗೆ ನೋಡಿದಳು. ಆ ಮುಖದಲ್ಲಿ ಕುಹಕವಿದ್ದಿದ್ದರೆ ನಾನಾದರೂ ತಡೆದುಕೊಳ್ಳುತ್ತಿದ್ದೆ.

"ಬಾಯಿ ಬಿಡಬಾರ್ದು ಅಂತ ನೀವೇ ಹೇಳಿದ್ರಲ್ಲ ಟೀಚರ್?" ಎಂದಳು. "ಮುಂದಿನದು ಕೊಡಿ."

ಅಕ್ಕ ಚೀಲದಿಂದ ಸುಕ್ಕಿಲ್ಲದ ಒಂದು ಅಂಗಿ ತೆಗೆದು ಕೊಟ್ಟಳು.