ಗ್ಯಾರೇಜಿನ ಲಾಗರ್

ಬ್ಯಾಡ್ಮಿಂಟನ್ ಆಡುವಾಗ ಮೊಣಕಾಲಿನ ಲಿಗಮೆಂಟು ಹರಿದು, ಆಪರೇಷನ್ ಆಗಿ, ಸ್ಯಾನ್ ರಮೋನಿನ ಮನೆಯಲ್ಲಿ ನಾನು ಊರುಗೋಲು ಹಿಡಿದು ಕೂತಿದ್ದ ದಿನಗಳವು. ಆಫೀಸಿನಲ್ಲಿ ರಜೆ ಕೊಟ್ಟಿದ್ದರು. ವಿಶ್ರಾಂತಿ ನನಗೆ ಒಗ್ಗುವುದಿಲ್ಲ. ಅಡುಗೆಮನೆಯ ಡಬ್ಬಿಗಳಿಗೆಲ್ಲ ಚೀಟಿ ಅಂಟಿಸಿದೆ. ಅಕ್ಷರ ಚೆನ್ನಾಗಿ ಬಂದಿಲ್ಲವೆಂದು ಕಿತ್ತು ಮತ್ತೆ ಅಂಟಿಸಿದೆ. ಆಮೇಲೊಂದು ಬೆಳಿಗ್ಗೆ, ಬಿಯರ್ ಮಾಡುತ್ತೇನೆ ಅಂದೆ.

"ನೀನು ಕುಡಿಯೋದೇ ಅಪರೂಪ. ಯಾಕೀಗ?" ಎಂದ ಗಂಡ.

"ಕುಡಿಯೋಕಲ್ಲ, ಮಾಡೋಕೆ."

ಬಿಯರಿನ ಸಾಮಾನು ಮಾರುವ ಅಂಗಡಿಯವನು ಮೊದಲ ಸಲಕ್ಕೆ ಲಾಗರ್ ಅನ್ನುವ ಬಗೆ ಬೇಡವೆಂದ. ಬೇರೆ ಬಿಯರಾದರೆ ಮನೆಯೊಳಗಿನ ಬಿಸಿಗೇ ಬೇಗ ಹುಳಿಯುತ್ತದೆ, ಲಾಗರಿಗೆ ತಂಪು ಬೇಕು, ತಾಳ್ಮೆ ಬೇಕು ಅಂದ. ಅಷ್ಟು ಹೇಳಿದ್ದೇ ಸಾಕಾಯಿತು, ಲಾಗರಿನದೇ ಸಾಮಾನು ಕಟ್ಟಿಸಿಕೊಂಡು ಬಂದೆ.

ನನ್ನನ್ನು ನೋಡಿಕೊಳ್ಳಲೆಂದು ಧಾರವಾಡದಿಂದ ಅತ್ತೆ ಬಂದಿದ್ದರು. ಅವರ ಒಬ್ಬನೇ ತಮ್ಮ ಕುಡಿತದಿಂದ ಸತ್ತವನು. ಮನೆಯಲ್ಲಿ ಎಲ್ಲರಿಗೂ ಅದು ಗೊತ್ತು, ಯಾರೂ ಮಾತೆತ್ತುವುದಿಲ್ಲ. ಅವರಿಂದ ಮುಚ್ಚಿಡುವುದು ಸರಿಯಲ್ಲವೆನ್ನಿಸಿ ಮೆಂತ್ಯ ಸೊಪ್ಪು ಬಿಡಿಸುತ್ತಿದ್ದವರ ಎದುರು ಕೂತು ಹೇಳಿದೆ. "ಅತ್ತೆ, ನಾನು ಬಿಯರ್ ಮಾಡ್ಬೇಕು ಅಂತಿದೀನಿ. ಗ್ಯಾರೇಜಲ್ಲಿ ಇಡ್ತೀನಿ. ನಿಮಗೆ ಬೇಜಾರಾಗೋದಾದ್ರೆ ಹೇಳಿ."

ಅವರು ತಲೆ ಎತ್ತಲಿಲ್ಲ. "ಮನಿ ನಿಮ್ಮದದ. ನನ್ನ ಕೇಳೂದೇನದ?"

ಶನಿವಾರ ಗಂಡ ದೊಡ್ಡ ಪಾತ್ರೆ ಎತ್ತಿ ಇಳಿಸಿದ, ನಾನು ಸ್ಟೂಲಿನ ಮೇಲೆ ಕೂತು ಕಲಕಿದೆ. ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯನ್ನು ಬಿಸಿನೀರಲ್ಲಿ ನೆನೆಸಿ, ಸೋಸಿ, ಆ ಸಿಹಿ ನೀರಿಗೆ ಹಾಪ್ಸ್ ಅನ್ನುವ ಕಹಿ ಹೂ ಹಾಕಿ ಕುದಿಸಿ, ಆರಿಸಿ, ಯೀಸ್ಟು ಬೆರೆಸಿ, ಬಕೆಟ್ಟಿಗೆ ಮುಚ್ಚಳ ಬಿಗಿದು ಗ್ಯಾರೇಜಿನ ಹಳೆಯ ಫ್ರಿಜ್ಜಿನಲ್ಲಿಟ್ಟೆವು. ಮುಚ್ಚಳಕ್ಕೆ ಸಿಕ್ಕಿಸಿದ ನೀರಿನ ನಳಿಕೆಯಲ್ಲಿ ಗುಳ್ಳೆ ಏಳಬೇಕು. ಎದ್ದರೆ ಯೀಸ್ಟು ಕೆಲಸ ಶುರುಮಾಡಿದೆ ಎಂದರ್ಥ.

ಗುಳ್ಳೆ ಏಳಲಿಲ್ಲ. ಭಾನುವಾರವೂ ಇಲ್ಲ, ಸೋಮವಾರವೂ ಇಲ್ಲ. ನಾನು ಊರುಗೋಲು ಕುಟ್ಟುತ್ತ ಗ್ಯಾರೇಜಿಗೆ ಹೋಗಿ ಫ್ರಿಜ್ಜು ತೆರೆಯುವುದು, ನೋಡುವುದು, ಮುಚ್ಚುವುದು. ಸೋಫಾದಲ್ಲಿ ಕೂತು ಕಾಲಿಗೆ ಐಸ್ ಇಟ್ಟುಕೊಂಡರೆ ಐಸ್ ಕರಗುವ ಮೊದಲೇ ಮತ್ತೆ ಎದ್ದುಬಿಡುತ್ತಿದ್ದೆ. ಅತ್ತೆ ಎಲ್ಲವನ್ನೂ ನೋಡುತ್ತಿದ್ದರು. ಬಿಯರ್ ಇಟ್ಟ ದಿನದಿಂದ ಅವರು ಗ್ಯಾರೇಜಿಗೆ ಕಾಲಿಟ್ಟಿರಲಿಲ್ಲ. ವಾಷಿಂಗ್ ಮೆಷಿನ್ನು ಇದ್ದದ್ದು ಅಲ್ಲೇ. ಹಾಗಾಗಿ ತಮ್ಮ ಸೀರೆಗಳನ್ನು ಬಾತ್‌ಟಬ್ಬಿನಲ್ಲಿ ಬಗ್ಗಿ ಒಗೆಯುತ್ತಿದ್ದರು.

"ಕೊಡಿ ಅತ್ತೆ, ನಾನು ಮೆಷಿನ್ನಿಗೆ ಹಾಕ್ತೀನಿ."

"ಬ್ಯಾಡ."

ಆಮೇಲೊಂದು ಮಧ್ಯಾಹ್ನ ನಾನು ಮಂಪರಿನಲ್ಲಿದ್ದಾಗ ಅತ್ತೆ ಹೆಗಲು ಹಿಡಿದು ಅಲುಗಿಸಿದರು. "ಏಳವಾ, ಏಳು! ಗ್ಯಾಸ್ ಸೋರಲಿಕತ್ತದ!" ನನ್ನ ಮೂಗಿಗೂ ಬಡಿಯಿತು, ಕೊಳೆತ ಮೊಟ್ಟೆಯ ನಾತ. ಊರುಗೋಲಿಗೆ ಕೈ ಚಾಚಿದೆ. ಅಷ್ಟು ಹೊತ್ತು ಕಾಯಲು ಅವರು ಸಿದ್ಧರಿರಲಿಲ್ಲ. ನನ್ನ ತೋಳನ್ನು ತಮ್ಮ ಕುತ್ತಿಗೆಯ ಸುತ್ತ ಎಳೆದುಕೊಂಡರು. ನನಗಿಂತ ಗೇಣುದ್ದ ಕುಳ್ಳಗಿರುವ, ಎಪ್ಪತ್ತು ದಾಟಿದ ಹೆಂಗಸು. ನನ್ನ ಭಾರವನ್ನೆಲ್ಲ ಹೊತ್ತು ಬಾಗಿಲು ದಾಟಿಸಿ ರಸ್ತೆಯ ಅಂಚಿನವರೆಗೆ ಎಳೆದು ತಂದರು. ಅಲ್ಲಿ ಕೂತ ಮೇಲೆ ಜೇಬಿನಲ್ಲಿದ್ದ ಫೋನಿನಿಂದ ಗ್ಯಾಸ್ ಕಂಪನಿಗೆ ಕರೆ ಮಾಡಿದೆ. ಬರುತ್ತೇವೆ, ಒಳಗೆ ಹೋಗಬೇಡಿ ಅಂದರು.

ಕಾಯುತ್ತ ಕೂತೆವು.

"ನನ್ನ ತಮ್ಮನ್ನ ನೀ ನೋಡಿಲ್ಲ," ಅಂದರು ಅತ್ತೆ, ರಸ್ತೆ ನೋಡುತ್ತ.

"ಇಲ್ಲ."

"ಮೊದಲ ಅಂವ ಕುಡೀತಿದ್ದಿಲ್ಲ. ಒಂದ ಕಡೆ ಕೂಡತಿದ್ದಿಲ್ಲ, ಅಷ್ಟ. ರೇಡಿಯೋ ಬಿಚ್ಚಾಂವ, ಸೈಕಲ್ ಬಿಚ್ಚಾಂವ, ಅರ್ಧಾಕ್ಕ ಬಿಟ್ಟು ಮತ್ತೊಂದು ಹಿಡ್ಯಾಂವ. ಕೈಯಾಗ ಏನರ ಇರಬೇಕಿತ್ತು ಅವಂಗ. ಕಡೀಕ ಬಾಟ್ಲಿ ಬಂತು." ನನ್ನ ಕಡೆ ತಿರುಗಿದರು. "ನೀ ಕುಡೀತಿ ಅಂತ ನನಗ ಅಂಜಿಕಿ ಇಲ್ಲ. ನೀ ಸುಮ್ಮ ಕೂಡಲಾರದಾಕಿ. ಅದನ್ನ ನೋಡಿದ್ರ ಅಂಜಿಕಿ ಬರ್ತದ."

ನನಗೆ ಎದ್ದು ಆ ಬೀದಿಯ ತುದಿಯವರೆಗಾದರೂ ನಡೆದುಬಿಡಬೇಕೆನಿಸಿತು. ಊರುಗೋಲು ಒಳಗಿತ್ತು.

"ಸುಮ್ನೆ ಕೂತ್ರೆ ನಂಗೆ ಉಸಿರು ಕಟ್ಟಿದ ಹಾಗಾಗತ್ತೆ, ಅತ್ತೆ."

"ಅಂವಾನೂ ಹಂಗ ಅಂತಿದ್ದ."

ಕಂಪನಿಯವನು ಬಂದ. ಮೀಟರು ಹಿಡಿದು ಒಲೆ, ಹೀಟರು, ಪೈಪು ಎಲ್ಲವನ್ನೂ ನೋಡಿ, ಎಲ್ಲೂ ಸೋರುತ್ತಿಲ್ಲ, ವಾಸನೆ ಗ್ಯಾರೇಜಿನ ಫ್ರಿಜ್ಜಿನಿಂದ ಬರುತ್ತಿದೆ ಅಂದ. ಅವನೇ ತಂದುಕೊಟ್ಟ ಊರುಗೋಲು ಹಿಡಿದು ಹೋಗಿ ತೆರೆದು ನೋಡಿದರೆ ನಳಿಕೆಯಲ್ಲಿ ಗುಳ್ಳೆಗಳು ಒಂದರ ಹಿಂದೊಂದು ಗುಳುಗುಳು ಏಳುತ್ತಿದ್ದವು. ಲಾಗರ್ ಯೀಸ್ಟು ಹುರುಪಿನಲ್ಲಿದ್ದಾಗ ಹೀಗೆ ನಾರುತ್ತದೆಂದು ಆಮೇಲೆ ಓದಿ ತಿಳಿದುಕೊಂಡೆ. ಆ ಕ್ಷಣದಲ್ಲಿ ಮಾತ್ರ, ಅತ್ತೆಗೆ ಅಷ್ಟು ಗಾಬರಿಯಾಗಿದ್ದರೂ, ನನಗೆ ಖುಷಿಯೇ ಆಯಿತು. ಮುಚ್ಚಿಟ್ಟುಕೊಳ್ಳಲು ಆಗಲಿಲ್ಲ.

ಅತ್ತೆ ಸೆರಗನ್ನು ಮೂಗಿಗೆ ಹಿಡಿದು ಹೊಸ್ತಿಲಲ್ಲಿ ನಿಂತಿದ್ದರು. ಹತ್ತಿರ ಬಂದು ಇಣುಕಿದರು. "ಇದಕ್ಕ ನಾ ನಿನ್ನ ಹೊತಗೊಂಡು ಓಡಿದ್ನ್ಯಾ?" ಅಂದರು. ನನಗೆ ನಗು ಬಂತು, ಅವರಿಗೂ ಬಂತು. ಸಾಯಂಕಾಲ ಸ್ಯಾನ್ ಮಟಿಯೋದ ಆಫೀಸಿನಿಂದ ಗಂಡ ಬರುವಷ್ಟರಲ್ಲಿ ಸೀರೆಗಳು ಮೆಷಿನ್ನಿನಲ್ಲಿ ತಿರುಗುತ್ತಿದ್ದವು.

ಹುಳಿಯುವುದು ಮುಗಿದ ಮೇಲೂ ಲಾಗರನ್ನು ಬಾಟಲಿಗಳಿಗೆ ತುಂಬಿ ವಾರಗಟ್ಟಲೆ ಇನ್ನೂ ತಣ್ಣಗಿಡಬೇಕು. ಇಡಲು ಪ್ರಯತ್ನಪಟ್ಟೆ. ಅತ್ತೆಯ ಮಾತು ತಲೆಯಲ್ಲಿ ಕೂತಿತ್ತು, ಗ್ಯಾರೇಜಿನ ಕಡೆ ಹೆಜ್ಜೆ ಎತ್ತಿದಾಗಲೆಲ್ಲ ನನ್ನನ್ನು ನಾನೇ ಗಮನಿಸುತ್ತಿದ್ದೆ. ಹಾಗೆ ಗಮನಿಸುವುದೂ ಒಂದು ಚಡಪಡಿಕೆಯೇ ಆಯಿತು. ಕೊನೆಗೆ ಅಂಗಡಿಯವನು ಹೇಳಿದ್ದಕ್ಕಿಂತ ಬೇಗನೆ ತೆರೆದೆ.

ಊಟದ ಮೇಜಿನ ಮೇಲೆ ಎರಡು ಗ್ಲಾಸು. ತಿಳಿ ಹೊಂಬಣ್ಣ, ಕೊಂಚ ಮಸುಕು. ಬ್ರೆಡ್ಡಿನ ಅಂಚಿನ ರುಚಿ, ಕೊನೆಗೆ ಸಣ್ಣ ಕಹಿ. ಗಂಡ "ಪರವಾಗಿಲ್ಲ ಕಣೇ, ನಿಜವಾಗ್ಲೂ ಚೆನ್ನಾಗಿದೆ" ಅಂದ. ಅತ್ತೆ ಎದುರಿಗೆ ಕೂತು ರೊಟ್ಟಿ ಮುರಿಯುತ್ತಿದ್ದರು. ನನಗೆ ಹಾಕಿಕೊಂಡಿದ್ದ ಅರ್ಧ ಗ್ಲಾಸು ಖಾಲಿಯಾಯಿತು. ಇನ್ನರ್ಧ ಬೇಕೆನಿಸಿತು. ಬಾಟಲಿಗೆ ಕೈ ಹಾಕುವಾಗ ಅವರು ನನ್ನ ಕೈಯನ್ನೇ ನೋಡುತ್ತಿದ್ದದ್ದು ಗೊತ್ತಾಯಿತು. ಹಾಕಿಕೊಂಡೆ, ಅವರ ಎದುರೇ ಕುಡಿದೆ.

ಅತ್ತೆ ಪಲ್ಯದ ಪಾತ್ರೆಯನ್ನು ನನ್ನ ಕಡೆ ಸರಿಸಿದರು.